ಸೀಟಿಯ ಏಳನೇ ಪ್ರತಿ

ಗಂಗಾವತಿಯ ತಹಶೀಲ್ದಾರ ಕಚೇರಿಯ ಎದುರು ತಗಡಿನ ನೆರಳಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತವರು ಆರು ಜನ. ಅವರಲ್ಲಿ ಹೆಂಗಸು ನಾನೊಬ್ಬಳೇ. ಹೆಸರು ದಾನೇಶ್ವರಿ, ವಯಸ್ಸು ಐವತ್ತೆರಡು. ಮದುವೆ ಯಾಕಾಗಲಿಲ್ಲ ಎಂಬುದು ಬೇರೆ ಕಥೆ, ಅದನ್ನು ಇಲ್ಲಿ ಯಾರೂ ಕೇಳಬೇಡಿ. ಅರ್ಜಿ, ಅಫಿಡವಿಟ್, ವಂಶಾವಳಿ, ಏನು ಹೇಳಿದರೂ ಟೈಪ್ ಮಾಡಿಕೊಡುತ್ತೇನೆ. ಕೆಲಸ ಮಾಡುವಾಗ ತಲೆ ಎತ್ತುವುದಿಲ್ಲ. ಹೆಸರು, ತಂದೆಯ ಹೆಸರು, ಊರು ಕೇಳುತ್ತೇನೆ, ಬೆರಳು ತಮ್ಮಷ್ಟಕ್ಕೆ ಓಡುತ್ತವೆ.

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಪಕ್ಕದವರು ಆಡಿಕೊಳ್ಳುತ್ತಾರೆ, ಅದು ಸುಳ್ಳಲ್ಲ. ಅರ್ಧ ಕಾಗದ ಮನೆಯಲ್ಲಿ ಬಿಟ್ಟು ಬಂದವರನ್ನು ಕಂಡರೆ ಬರುತ್ತದೆ. ತಮ್ಮ ತಾಲೂಕು ಯಾವುದೆಂದು ಗೊತ್ತಿಲ್ಲದೆ ಬಂದವರನ್ನು ಕಂಡರೆ ಇನ್ನೂ ಜಾಸ್ತಿ ಬರುತ್ತದೆ. ಬೇವೂರಿನ ಕಳಕಪ್ಪ ಎಂಬಾತ ಎರಡು ವರ್ಷದಲ್ಲಿ ನಾಲ್ಕು ಸಲ ಆದಾಯ ಪ್ರಮಾಣ ಪತ್ರದ ಅರ್ಜಿಗೆಂದು ನನ್ನ ಮೇಜಿಗೆ ಬಂದ. ಬೇವೂರು ಯಲಬುರ್ಗಾ ತಾಲೂಕು. ಅಲ್ಲಿಯ ಅರ್ಜಿಗೆ ಗಂಗಾವತಿಯಲ್ಲಿ ಯಾರು ಸಹಿ ಹಾಕುತ್ತಾರೆ? ಪ್ರತಿ ಸಲವೂ ಬಿಡಿಸಿ ಹೇಳಿದೆ. ನಾಲ್ಕನೇ ಸಲ ನನ್ನ ಬಾಯಿ ಹಿಡಿತ ತಪ್ಪಿತು.

"ಯಜಮಾನ್ರ, ಎಷ್ಟು ಸಲ ಹೇಳಬೇಕ್ರಿ ನಿಮಗ? ಬೇವೂರಿನವರು ಹೇಳಿದ ಮಾತು ಕಿವ್ಯಾಗ ಹಾಕ್ಕೊಳ್ಳೂದಿಲ್ಲ, ಇಸ್ಕೊಂಡದ್ದು ಹೊಳ್ಳಿ ಕೊಡೂದಿಲ್ಲ."

"ಖರೇ ಐತ್ರಿ" ಎಂದು ಆತ ಕಾಗದ ಮಡಚಿಕೊಂಡು ಹೋದ.

ಪಾಪ, ಆತ ನನ್ನಿಂದ ಏನನ್ನೂ ಇಸಿದುಕೊಂಡಿರಲಿಲ್ಲ. ಬೇವೂರಿನ ಮೇಲೆ ನನಗೆ ಹಳೆಯ ಸಿಟ್ಟೊಂದಿತ್ತು. ಅದಕ್ಕೆ ಕಾರಣ ಫುಟ್‌ಬಾಲು.

ಹೌದು, ಫುಟ್‌ಬಾಲೇ. ಕ್ರಿಕೆಟ್ಟು, ಕಬಡ್ಡಿ ಬಿಟ್ಟು ಬೇರೇನೂ ಗೊತ್ತಿಲ್ಲದ ನಮ್ಮ ಸೀಮೆಯಲ್ಲಿ ಯಂಗ್ ಸ್ಟಾರ್ ಎಂಬ ಒಂದು ಟೀಮಿತ್ತು. ಅಕ್ಕಿ ಗಿರಣಿಯ ಹಮಾಲರು, ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳು, ಒಬ್ಬ ಸಾಲಿ ಮಾಸ್ತರ, ಹೀಗೆ ಹನ್ನೊಂದು ಜನ. ಐತವಾರ ಗಿರಣಿಯ ಪಕ್ಕದ ಬಯಲಿನಲ್ಲಿ ಆಡುತ್ತಿದ್ದರು. ಗದಗ, ಹೊಸಪೇಟೆ, ರಾಯಚೂರಿನ ಟೀಮುಗಳು ಬಂದು ಸಾಮಾನ್ಯವಾಗಿ ಸೋಲಿಸಿ ಹೋಗುತ್ತಿದ್ದವು. ಆದರೂ ನೋಡುವ ಜನಕ್ಕೆ ಕಡಿಮೆ ಇರಲಿಲ್ಲ.

ಬಯಲಿನ ಅಂಚಿಗೆ ಒಂದು ಮಾಳಿಗೆಯ ಕಟ್ಟಡ. ಕೆಳಗೆ ಕಾಸೀಮಸಾಬರ ಝೆರಾಕ್ಸ್ ಅಂಗಡಿ, ಮೇಲೆ ನಾನು ಕಲಿಸುತ್ತಿದ್ದ ಟೈಪಿಂಗ್ ಶಾಲೆ. ಕಾಸೀಮಸಾಬರು ಹರೆಯದಲ್ಲಿ ಗೋವಾದ ವಾಸ್ಕೋದಲ್ಲಿ ಬೇಕರಿ ಕೆಲಸ ಮಾಡಿ ಬಂದವರು. ಫುಟ್‌ಬಾಲಿನ ಹುಚ್ಚು ಅಲ್ಲಿ ಹತ್ತಿದ್ದು. ಅಲ್ಲಿ ಯಾರೋ ಹಡಗಿನವನು ಇಂಗ್ಲೆಂಡಿನಿಂದ ಒಂದು ಕಾಗದದ ಕಟ್ಟು ತಂದಿದ್ದನಂತೆ. ಟೀಮಿನವರು ಮಾಡಿದ್ದಲ್ಲ, ಪೇಪರಿನವರು ಮಾಡಿದ್ದಲ್ಲ. ನೋಡುವ ಜನವೇ ತಮ್ಮ ಟೀಮಿನ ಬಗ್ಗೆ ಬರೆದು, ತಾವೇ ಟೈಪ್ ಮಾಡಿ, ಪಿನ್ನು ಹೊಡೆದು, ಮೈದಾನದ ಬಾಗಿಲಲ್ಲಿ ನಿಂತು ಹಂಚುವಂಥದ್ದು. ಅದರಲ್ಲಿ ಹೊಗಳಿಕೆಗಿಂತ ಬೈಗುಳವೇ ಹೆಚ್ಚಿತ್ತು ಎಂದು ಕಾಸೀಮಸಾಬರು ಖುಷಿಯಿಂದ ಹೇಳುತ್ತಿದ್ದರು. "ಮೇಡಂ, ನಾವೂ ಒಂದು ಮಾಡೋಣ್ರಿ" ಎಂದು ತೊಂಬತ್ತೆಂಟರಲ್ಲಿ ಗಂಟು ಬಿದ್ದರು. ಹೆಸರು 'ಸೀಟಿ'.

ಹತ್ತೇ ಹತ್ತು ಪ್ರತಿ. ಅದಕ್ಕಿಂತ ಹೆಚ್ಚು ತೆಗೆಯುತ್ತಿರಲಿಲ್ಲ. ಪ್ರತಿಯ ಮೇಲೆ ಒಂದರಿಂದ ಹತ್ತರ ತನಕ ನಂಬರು. ಹಿಂದಿನ ಪುಟದಲ್ಲಿ ಬರೀ ಗೆರೆಗಳು. ಓದಿದವನು ಆ ಗೆರೆಗಳ ಮೇಲೆ ಅನ್ನಿಸಿದ್ದು ಬರೆದು, ಹೆಸರು ಹಾಕಿ, ಮುಂದಿನವನಿಗೆ ಕೊಡಬೇಕು. ಪ್ರತಿಗಳು ಬಸ್ ಕಂಡಕ್ಟರುಗಳ ಕೈಯಲ್ಲಿ ಕೊಪ್ಪಳಕ್ಕೆ, ಕುಷ್ಟಗಿಗೆ, ಯಲಬುರ್ಗಾಕ್ಕೆ, ಹುಲಿಹೈದರಕ್ಕೆ ಹೋಗುತ್ತಿದ್ದವು. ಗೆರೆ ತುಂಬಿದ ಮೇಲೆ ತಿರುಗಿ ಅಂಗಡಿಗೆ ಬರುತ್ತಿದ್ದವು. ಕಾಸೀಮಸಾಬರು ಅವನ್ನು ಹಗ್ಗಕ್ಕೆ ಸಿಗಿಸಿ ಎಲ್ಲರಿಗೂ ಓದಲು ಬಿಡುತ್ತಿದ್ದರು. ಮುಂದಿನ ಸೀಟಿ ಹೊರಟಾಗ ಹಳೆಯವು ನನ್ನ ಟ್ರಂಕಿಗೆ. ಮೊದಲ ಪುಟದ ತಲೆಯಲ್ಲಿ ಪ್ರತಿ ಸಲ ಒಂದೇ ಮಾತು: "ಓದು, ಬರಿ, ಮುಂದ ಕೊಡು. ಇಟ್ಕೊಂಡಾವ ಎದುರು ಟೀಮಿನಾವ."

ನಾನು ಬರೀ ಟೈಪ್ ಮಾಡುವವಳಾಗಿದ್ದೆ. ಮೊದಲ ಎರಡು ಸಂಚಿಕೆಗೆ ಯಾರೋ ಬರೆದುಕೊಟ್ಟ ವರದಿ ಎಷ್ಟು ಕೆಟ್ಟದಾಗಿತ್ತೆಂದರೆ ಮೂರನೆಯದನ್ನು ನಾನೇ ಬರೆದುಬಿಟ್ಟೆ. ಐತವಾರ ಶಾಲೆಗೆ ರಜೆ, ಕೀಲಿ ನನ್ನ ಹತ್ತಿರ. ಮಾಳಿಗೆಯ ಮೇಲೆ ಛತ್ರಿ ಹಿಡಿದು ನಿಂತರೆ ಇಡೀ ಬಯಲು ಕಾಣುತ್ತಿತ್ತು. ಬಲಗಡೆಯ ಮೂಲೆಯೊಂದು ಮಾತ್ರ ಬೇವಿನ ಮರದ ಹಿಂದೆ ಮರೆ. ಅಲ್ಲಿ ಏನಾದರೂ ಆದರೆ "ಆ ಮೂಲೆಯಲ್ಲಿ ಏನಾಯಿತೋ ಬೇವಿನ ಮರಕ್ಕೇ ಗೊತ್ತು" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಓದುಗರಿಗೆ ಅದೊಂದು ತಮಾಷೆಯಾಯಿತು. ಕೆಳಗೆ ಹಾಕಿದ ಹೆಸರು 'ಲೈನ್‌ಮನ್', ಆಟದ ಗೆರೆಯ ಅಂಚಿಗೆ ಬಾವುಟ ಹಿಡಿದು ನಿಲ್ಲುವವನದು. ಅದು ನಾನು ಎಂದು ಕಾಸೀಮಸಾಬರಿಗೊಬ್ಬರಿಗೇ ಗೊತ್ತಿತ್ತು.

ಯಾಕೆ ಬಚ್ಚಿಟ್ಟೆ ಅಂದರೆ, ಆ ಬಯಲಿಗೆ ಹೆಂಗಸರು ಬರುತ್ತಿರಲಿಲ್ಲ, ಅದು ಒಂದು. ಇನ್ನೊಂದು ಕಾರಣ ನಿಜವಾದದ್ದು. ಹಿಂದಿನ ಪುಟದಲ್ಲಿ ಜನ ಲೈನ್‌ಮನ್‌ನನ್ನು ಬಾಯಿ ತುಂಬ ಬೈಯುತ್ತಿದ್ದರು. ಕುಷ್ಟಗಿಯ ದರ್ಜಿ ಶಫೀಸಾಬ ಒಮ್ಮೆ "ಲೈನ್‌ಮನ್ ಅಣ್ಣಾಗ ಕಣ್ಣಿನ ಆಪರೇಷನ್ ಮಾಡಸ್ರಿ, ಚಂದಾ ನಾ ಎತ್ತತೀನಿ" ಎಂದು ಬರೆದಿದ್ದ. ನಾನು ಓದಿ ಒಬ್ಬಳೇ ಬಿದ್ದು ಬಿದ್ದು ನಕ್ಕಿದ್ದೆ. ಹೆಂಗಸು ಎಂದು ತಿಳಿದರೆ ಇವರೆಲ್ಲ ಒಂದೇ ದಿನದಲ್ಲಿ ಮರ್ಯಾದಸ್ತರಾಗಿ "ಮೇಡಂ ಛಲೋ ಬರ್ದಾರ" ಎಂದು ಬರೆದು ಸುಮ್ಮನಾಗುತ್ತಾರೆ. ವಾರವಿಡೀ ನನ್ನ ಜೊತೆ ಸಲುಗೆಯಿಂದ ಮಾತಾಡುವವರು ಆ ಗೆರೆಗಳ ಮೇಲಿನವರು ಮಾತ್ರ. ಅವರನ್ನು ಕಳೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಅವರಲ್ಲಿ ಬೇವೂರಿನ ಮಾಂತೇಶನದು ಬೇರೆಯೇ ಲೆಕ್ಕ. ಏಳನೇ ಪ್ರತಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸುತ್ತಿ ಕಡೆಗೆ ಅವನ ಕೈ ಸೇರುತ್ತಿತ್ತು. ಮ್ಯಾಚಿಗೆ ಬರುವಾಗ ಅವನೇ ತಂದು ಅಂಗಡಿಗೆ ಕೊಡುತ್ತಿದ್ದ. ಎಲ್ಲರೂ ಎರಡು ಸಾಲು ಬರೆದರೆ ಅವನು ಆರು ಬರೆಯುತ್ತಿದ್ದ. ನಾನು ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತಿದ್ದೆ, ಅವನು ಅದಕ್ಕೆ ಉತ್ತರ ಬರೆಯುತ್ತಿದ್ದ. ಹೀಗೆ ಹತ್ತು ವರ್ಷ. ಒಂದು ಸಲ ಬರೆದ: "ಲೈನ್‌ಮನ್ ಅಣ್ಣಾರ, ಬರೂ ಐತವಾರ ಪಡುವಣ ಗೋಲಿನ ಹಿಂದ ನಿಂತಿರ್ತೀನಿ. ಕೆಂಪು ಟವೆಲ್ ಹಾಕ್ಕೊಂಡಿರ್ತೀನಿ. ಬಂದು ಮಾತಾಡಸ್ರಿ, ಬೈಯಾಕರ ಬರ್ರಿ."

ಆ ಐತವಾರ ಮಾಳಿಗೆಯಿಂದ ಆಟ ನೋಡಲಾಗಲಿಲ್ಲ, ಕೆಂಪು ಟವೆಲ್ಲನ್ನೇ ನೋಡಿದೆ. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ಹತ್ತಿರ ಬಂದ ಪ್ರತಿಯೊಬ್ಬನ ಕಡೆಗೂ ಅವನು ತಿರುಗಿ ತಿರುಗಿ ನೋಡುತ್ತಿದ್ದ. ಹಾಫ್‌ಟೈಮಿಗೆ ಎರಡು ಚಹಾ ತರಿಸಿದ. ಒಂದನ್ನು ಕುಡಿದ. ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ನಿಂತ, ಆಟ ಮತ್ತೆ ಶುರುವಾದ ಮೇಲೆ ಅದನ್ನೂ ಕುಡಿದ. ನಾನು ಇಳಿದು ಹೋಗಲಿಲ್ಲ. ಅವತ್ತಿನ ವರದಿಯಲ್ಲಿ ಎರಡು ಗೋಲಿನ ಲೆಕ್ಕ ತಪ್ಪಿ, ಎಲ್ಲರಿಂದ ಬೈಸಿಕೊಂಡೆ.

ಆಮೇಲೆ ಪ್ರತಿ ಮ್ಯಾಚಿಗೂ ಆ ಟವೆಲ್ ಅದೇ ಜಾಗದಲ್ಲಿರುತ್ತಿತ್ತು. ಕಡೆಯ ವರ್ಷ ಮಾತ್ರ ಕಾಣೆಯಾಯಿತು. ಬರೆಯುವುದು ನಿಂತಿರಲಿಲ್ಲ. "ಬೇವಿನ ಮರ ಹೇಳಕತ್ತೈತಿ, ಆ ಮೂಲ್ಯಾಗ ನಮ್ಮ ಹುಡುಗನ್ನ ಕಾಲು ಕೊಟ್ಟು ಕೆಡವಿದ್ರು" ಎಂಬಂಥ ಸಾಲುಗಳು ಏಳನೇ ಪ್ರತಿಯಲ್ಲಿ ಬರತೊಡಗಿದವು. ನನ್ನ ಮಾತನ್ನೇ ತಿರುಗಿಸಿ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಟವೆಲ್ಲಿಲ್ಲದ ಬಯಲು ನನಗೆ ಬಿಕೋ ಎನ್ನುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಎರಡು ಸಾವಿರದ ಹನ್ನೊಂದರಲ್ಲಿ ಗಿರಣಿಯವರು ಬಯಲಿನಲ್ಲಿ ಗೋದಾಮು ಕಟ್ಟಲು ಪಾಯ ತೋಡಿಸಿದರು. ಅದಕ್ಕೂ ಹಿಂದಿನ ಐತವಾರದ ಕಡೆಯ ಮ್ಯಾಚಿನಲ್ಲಿ ಗದಗಿನವರ ಎದುರು ನಮ್ಮವರು ಒಂದು ಗೋಲಿನಿಂದ ಸೋತರು. ಆ ಗೋಲಿಗೆ ಬಾಲು ಬಂದದ್ದು ಬೇವಿನ ಮರದ ಮೂಲೆಯಿಂದಲೇ. ಕಡೆಯ ಸೀಟಿಯಲ್ಲೂ ನಾನು ಬರೆದದ್ದು ಅದೇ ಮಾತು, ಬೇವಿನ ಮರಕ್ಕೇ ಗೊತ್ತು ಎಂದು. "ಇದು ಕೊನೆಯದು, ತುಂಬಿಸಿ ತಪ್ಪದೆ ವಾಪಸ್ಸು ಕಳಿಸಿ" ಎಂದು ಬೇಡಿಕೊಂಡಿದ್ದೆ. ಒಂಬತ್ತು ಬಂದವು. ಏಳನೆಯದು ಬರಲಿಲ್ಲ. ತಿಂಗಳುಗಟ್ಟಲೆ ಕಾದೆ. ಹತ್ತು ವರ್ಷ ಮಾತಾಡಿದವನು ಕೊನೆಯ ಮಾತು ಹೇಳದೆ ಹೋದ, ನಮ್ಮ ಕಾಗದವನ್ನೂ ಇಟ್ಟುಕೊಂಡ. ಕಳ್ಳ, ಎದುರು ಟೀಮಿನವನು ಎಂದು ಎಷ್ಟು ಸಲ ಬೈದೆನೋ. ಟೈಪಿಂಗ್ ಶಾಲೆ ಮುಚ್ಚಿತು. ಮೂರು ವರ್ಷದ ಹಿಂದೆ ಕಾಸೀಮಸಾಬರೂ ತೀರಿಕೊಂಡರು. ಲೈನ್‌ಮನ್ ಯಾರೆಂದು ಬಲ್ಲವರು ಭೂಮಿಯ ಮೇಲೆ ನಾನೊಬ್ಬಳೇ ಉಳಿದೆ.

ಹೋದ ತಿಂಗಳು ಬಸವಕುಮಾರ ಬಂದ. ಒಂದು ಕಾಲದಲ್ಲಿ ಯಂಗ್ ಸ್ಟಾರಿಗೆ ಎಡಗಡೆಯಿಂದ ಓಡುತ್ತಿದ್ದವನು, ಈಗ ಶ್ರೀರಾಮನಗರದಲ್ಲಿ ಗೊಬ್ಬರದ ಅಂಗಡಿ, ಎರಡು ಆಳಿನ ಹೊಟ್ಟೆ.

"ಅಕ್ಕಾರ, ಒಂದು ಸನ್ಮಾನ ಪತ್ರ ಆಗಬೇಕ್ರಿ. ಹಳೇ ಫುಟ್‌ಬಾಲ್ ಮಂದಿ ಎಲ್ಲಾ ವಾಟ್ಸಾಪಿನ್ಯಾಗ ಕೂಡೀವಿ. ಬರೂ ಐತವಾರ ಮಂಗಲ ಕಾರ್ಯಾಲಯದಾಗ ಸೇರತೀವಿ. ಲೈನ್‌ಮನ್‌ಗ ಸನ್ಮಾನ ಇಟ್ಟೀವಿ."

ನನ್ನ ಬೆರಳು ನಿಂತವು. "ಯಾರಿಗೆ?"

"ಲೈನ್‌ಮನ್ ಅಂತ ಬರೀತಿದ್ರಲ್ರಿ, ಸೀಟಿಯೊಳಗ. ಅವರು ಕಾಸೀಮಸಾಬರ ಅಂತ ಎಲ್ಲಾರೂ ಒಪ್ಪ್ಯಾರ. ಅವರಿಲ್ಲ ಈಗ, ಅವರ ಮನಿಯವರು ಅಬೇದಾಬಿ ಅದಾರಲ್ಲ, ಅವರಿಗೆ ಶಾಲು ಹೊಚ್ಚತೀವಿ. ಬರಕೋರಿ, ಎರಡು ಸಾವಿರದ ನಾಕರ ಫೈನಲ್ಲಿನ್ಯಾಗ ಗದಗಿನವರನ್ನ ಎರಡು-ಒಂದರಿಂದ ಸೋಲಿಸಿದಾಗ..."

"ಎರಡು-ಎರಡು. ಪೆನಾಲ್ಟಿ ಒಳಗ ಗೆದ್ರಿ. ನೀವು ಹೊಡದದ್ದು ಗಿರಣಿ ಗ್ವಾಡಿಗೆ ಬಡದಿತ್ತು."

ಬಸವಕುಮಾರ ಬಾಯಿ ತೆರೆದು ನಿಂತ. "ನಿಮಗ ಹೆಂಗ ಗೊತ್ರಿ?"

"ಯಾರೋ ಅಂದದ್ದು ಕೇಳಿದ್ದೆ. ಮುಂದ ಹೇಳ್ರಿ."

ಹೇಳಿದ್ದನ್ನೆಲ್ಲ ಟೈಪ್ ಮಾಡಿದೆ. 'ಲೈನ್‌ಮನ್ ಎಂಬ ಹೆಸರಿನಲ್ಲಿ ಬರೆದ ಶ್ರೀ ಕಾಸೀಮಸಾಬರಿಗೆ' ಎಂದು ನನ್ನ ಬೆರಳಿನಿಂದಲೇ ಹೊಡೆದೆ. ನನ್ನ ಹೆಸರಲ್ಲಿ ನಾನು ಬಾಳಿದ್ದು ಅಷ್ಟಕ್ಕಷ್ಟೇ, ಆದರೆ ಆ ಸುಳ್ಳು ಹೆಸರಿನಲ್ಲಿ ಹದಿಮೂರು ವರ್ಷ ಮನಸಾರೆ ಬಾಳಿದ್ದೆ. ಅದನ್ನೂ ಬೇರೆಯವರ ತಲೆಯ ಮೇಲೆ ಇಡುತ್ತಿದ್ದಾರಲ್ಲ! ಅವನು ಹೋದ ಮೇಲೆ ಇನ್ನೊಂದು ಹಾಳೆ ಹೊಡೆದೆ. ಅದರಲ್ಲಿ ಎಲ್ಲ ಅದೇ, ಕಾಸೀಮಸಾಬರ ಹೆಸರಿದ್ದಲ್ಲಿ ಮಾತ್ರ ನನ್ನ ಹೆಸರು. ಎರಡನ್ನೂ ಚೀಲದಲ್ಲಿಟ್ಟುಕೊಂಡೆ. ಪತ್ರವನ್ನು ಐತವಾರ ಅಲ್ಲಿಗೇ ತಂದುಕೊಡಿ ಎಂದು ಬಸವಕುಮಾರ ಹೇಳಿ ಹೋಗಿದ್ದ. ಯಾವ ಹಾಳೆ ಕೊಡಬೇಕು ಎಂಬುದನ್ನು ಅಲ್ಲೇ ನೋಡಿದರಾಯಿತು ಎಂದುಕೊಂಡೆ.

ಐತವಾರ ಹೋದಾಗ ಮಂಗಲ ಕಾರ್ಯಾಲಯದಲ್ಲಿ ಅರವತ್ತು ಜನ ಗಂಡಸರು. ಮೂಲೆಯ ಕುರ್ಚಿಯಲ್ಲಿ ಅಬೇದಾಬಿ ಹೊಸ ಸೀರೆಯುಟ್ಟು, ಸೆರಗು ಬಿಗಿಯಾಗಿ ಹೊದ್ದು ಕೂತಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡರು.

"ಮೇಡಂ, ನೀವರ ಬಂದ್ರಲ್ಲ. ನನಗ ಇಲ್ಲಿ ಯಾರೂ ಗೊತ್ತಿಲ್ಲ. ನಮ್ಮನಿಯವರ ಹೆಸರು ಎಲ್ಲಾರೂ ಮರತ್ರು ಅಂತ ಮಾಡಿದ್ದೆ ನೋಡ್ರಿ. ಮುಂಜಾನಿಂದ ಮೈಕಿನ್ಯಾಗ ಮೂರು ಸಲ ಅಂದ್ರು."

ಅವರು ಎಣಿಸುತ್ತಿದ್ದರು, ಮೂರು ಸಲ ಎಂದು. ನಾನು ಚೀಲಕ್ಕೆ ಕೈ ಹಾಕಿದೆ. ಮೇಲೆ ಬಂದದ್ದು ನನ್ನ ಹೆಸರಿನ ಹಾಳೆ. ಅದನ್ನು ಒಳಕ್ಕೆ ತುರುಕಿ ಮತ್ತೊಂದನ್ನು ತೆಗೆದು ಬಸವಕುಮಾರನ ಕೈಗಿಟ್ಟೆ. ಅವನು ಓದಿದ, ಜನ ಚಪ್ಪಾಳೆ ತಟ್ಟಿದರು, ಅಬೇದಾಬಿ ಶಾಲನ್ನು ಎದೆಗೆ ಒತ್ತಿಕೊಂಡು ಅತ್ತರು. ನಾನೂ ಚಪ್ಪಾಳೆ ತಟ್ಟಿದೆ. ಕಾಸೀಮಸಾಬರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಆ ಮನುಷ್ಯ ದೊಡ್ಡವರು. ಆದರೆ ಅಷ್ಟು ಜನರ ನಡುವೆ ನಿಂತು ನನ್ನನ್ನು ನಾನೇ ಮಣ್ಣು ಮಾಡಿ ಬಂದ ಹಾಗಾಗಿ, ಅಲ್ಲಿ ನಿಲ್ಲಲಾಗಲಿಲ್ಲ. ನೀರಿನ ಕ್ಯಾನು ಇಟ್ಟಿದ್ದ ಹಿಂಬದಿಗೆ ಹೋದೆ.

ಯಾರೋ ಹಿಂದೆಯೇ ಬಂದರು. ಎತ್ತರದ ಮುದುಕ, ಹೆಗಲ ಮೇಲೆ ಬಣ್ಣ ಹೋದ ಕೆಂಪು ಟವೆಲ್. ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತೆಗೆದು ಚಾಚಿದ.

"ತಡಾ ಆತ್ರಿ" ಎಂದ.

ಬಿಡಿಸಿದೆ. ಕಡೆಯ ಸೀಟಿ, ಏಳನೇ ಪ್ರತಿ. ಹಿಂದಿನ ಪುಟದಲ್ಲಿ ಕೊಪ್ಪಳದವರ ಎರಡು ಸಾಲು, ಶಫೀಸಾಬನ ಎರಡು ಸಾಲು, ಯಲಬುರ್ಗಾದವರ ಮೂರು. ಅದರ ಕೆಳಗೆ ನನಗೆ ಚೆನ್ನಾಗಿ ಗೊತ್ತಿದ್ದ ದಪ್ಪ ಅಕ್ಷರ:

"ಲೈನ್‌ಮನ್ ಅಕ್ಕಾರಿಗೆ. ಆ ಮೂಲ್ಯಾಗ ಏನಾತೋ ಬೇವಿನ ಮರಕ್ಕ ಗೊತ್ತು ಅಂತ ಬರ್ದೀರಿ. ನಾ ಮರದ ಬುಡಕ್ಕ ನಿಂತಿದ್ದೆ. ಬಾಲು ಗೆರಿ ದಾಟಿ ಒಂದು ಗೇಣು ಹೊರಗ ಹೋಗಿತ್ತು, ಆಮ್ಯಾಲ ಒಳಗ ಹೊಡದ್ರು. ಅದು ಗೋಲ್ ಅಲ್ಲ, ನಾವು ಸೋತಿಲ್ಲ. ನಿಮ್ಮ ಮಾಳಿಗಿಂದ ಅದು ಕಾಣೂದಿಲ್ಲ. ಛತ್ರಿ ಹಿಡ್ಕೊಂಡು ನೀವು ಒಬ್ಬರ ನಿಂತಿರ್ತೀರಿ, ಇಲ್ಲಿ ನಾನೂ ಒಬ್ಬನ. ಇದನ್ನ ಹೊಳ್ಳಿ ಕೊಟ್ರ ಅಂಗಡ್ಯಾಗ ಎಲ್ಲಾರೂ ಓದ್ತಾರ, ಅದಕ್ಕ ಇಟ್ಕೊಂಡೀನಿ. ಎದುರು ಟೀಮಿನಾವ ಅಂತ ಬೈರಿ. ಮಾಂತೇಶ, ಬೇವೂರು."

'ಅಕ್ಕಾರಿಗೆ' ಎಂಬುದನ್ನೇ ಮತ್ತೆ ಮತ್ತೆ ಓದಿದೆ.

"ಹೆಂಗ ಗೊತ್ತಾತ್ರಿ?"

"ಬೇವಿನ ಮರರಿ. ಗ್ರೌಂಡಿನ ಸುತ್ತ ಅಡ್ಡಾಡಿ ನೋಡಿದೆ. ಎಲ್ಲಿ ನಿಂತರೂ ಆ ಮೂಲಿ ಕಾಣತಿತ್ತು. ಕಾಣದಂಥಾ ಜಾಗಾ ಅಂದ್ರ ಟೈಪಿಂಗ್ ಸಾಲಿ ಮಾಳಿಗಿ ಒಂದ. ತಲಿ ಎತ್ತಿ ನೋಡಿದೆ, ನೀವು ನಿಂತಿದ್ರಿ."

"ಕಡೇ ವರ್ಷ ಗೋಲಿನ ಹಿಂದ ನೀವು ನಿಂದ್ರಲಿಲ್ಲ."

"ಮರದ ಕೆಳಗ ನಿಂದ್ರತಿದ್ದೆ. ನಿಮಗ ಕಾಣಲಾರದ್ದನ್ನ ಯಾರರ ನೋಡಬೇಕಲ್ರಿ."

ನಾನು ಗೋಡೆಗೆ ಒರಗಿದೆ. ಬಿಕೋ ಎಂದು ನಾನು ನೋಡಿದ ಆ ಬಯಲಿನಲ್ಲಿ, ನನ್ನ ಕಣ್ಣಿಗೆ ಮರೆಯಾದ ಒಂದೇ ಒಂದು ಜಾಗದಲ್ಲಿ, ಈತ ನನಗಾಗಿಯೇ ನಿಂತಿದ್ದ. ಇಷ್ಟು ವರ್ಷ ಎಲ್ಲಿದ್ದಿರಿ, ಯಾಕೆ ಬಂದು ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ.

"ಮನ್ಯಾಗ ನನ್ನ ಹೆಂಡ್ತಿ ಪಾರಮ್ಮ ಭಾಳ ವರ್ಷ ಹಾಸಿಗಿ ಹಿಡದಿದ್ಲು. ಊರು ಬಿಟ್ಟು ಹೊರಗ ಬೀಳಾಕ ಆಗಲಿಲ್ಲ. ಆಕಿ ಹೋದ್ಲು. ಆಮ್ಯಾಲ ಕಾಸೀಮಸಾಬರ ಮಣ್ಣಿಗೆ ಬಂದಾಗ ತಿಳೀತು, ಟೈಪಿಂಗ್ ಮೇಡಂ ತಹಶೀಲ ಆಫೀಸ್ ಮುಂದ ಕೂಡತಾರಂತ. ಬಂದಿದ್ದೆನ್ರಿ."

"ಎಲ್ಲಿಗೆ?"

"ನಿಮ್ಮ ಟೇಬಲ್ಲಿಗೆ. ನಾಕು ಸಲ. ಈ ಕಾಗದ ಕಿಸೆದಾಗ ಇತ್ತು. ನೀವು ತಲಿ ಎತ್ತಲಿಲ್ಲ. ಹೆಸರೇನು ಅಂದ್ರಿ, ಆಧಾರದಾಗ ಇದ್ದದ್ದು ಹೇಳಿದೆ. ಕಳಕಪ್ಪ. ಮಾಂತೇಶ ಅನ್ನೂದು ಕರೆಯೂ ಹೆಸರು. ಏನು ಅರ್ಜಿ ಅಂದ್ರಿ, ಏನರ ಹೇಳಬೇಕಲ್ಲ, ಆದಾಯದ್ದು ಅಂದೆ. ನಾಕನೇ ಸಲ ಧೈರ್ಯ ಮಾಡಿ ಕಾಗದ ತಗೀಬೇಕಂತ ಕೈ ಹಾಕಿದ್ದೆ. ಬೇವೂರಿನವರು ಇಸ್ಕೊಂಡದ್ದು ಹೊಳ್ಳಿ ಕೊಡೂದಿಲ್ಲ ಅಂದ್ರಿ. ನಾಚಿಕಿ ಬಂದು ಹೋಗಿಬಿಟ್ಟೆ."

ವರ್ಷಗಟ್ಟಲೆ ದೂರದಿಂದ ಒಂದು ಟವೆಲ್ಲನ್ನು ಹುಡುಕಿದವಳು ನಾನು. ಎರಡು ಮೊಳದ ಆಚೆ ಆ ಮನುಷ್ಯ ಬಂದು ನಾಲ್ಕು ಸಲ ನಿಂತಿದ್ದಾನೆ, ನಾನು ಕೀಲಿಮಣೆ ನೋಡುತ್ತಾ ತಾಲೂಕಿನ ಪಾಠ ಹೇಳಿದ್ದೇನೆ. ನನ್ನ ಮೇಲೆ ನನಗೇ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

"ಕೆಳಗ ಒಂದು ಗೆರಿ ಖಾಲಿ ಐತ್ರಿ. ನಿಮಗಂತ ಬಿಟ್ಟೀನಿ" ಎಂದ.

ಪೆನ್ನು ಅವನದೇ. ಗೋಡೆಗೆ ಕಾಗದ ಒತ್ತಿ ಬರೆದೆ: "ಕೆಳಗ ಇಳಿದು ಬಂದಿದ್ರ ನನಗೂ ಕಾಣತಿತ್ತು. ಲೈನ್‌ಮನ್, ದಾನೇಶ್ವರಿ." ಗೆರೆ ತುಂಬಿತು. ತುಂಬಿದ ಪ್ರತಿ ತಿರುಗಿ ಬರಬೇಕಾದದ್ದು ನನ್ನ ಟ್ರಂಕಿಗೆ, ಹಾಗಾಗಿ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದೆ. ಅವನು ಎರಡು ಚಹಾ ಹೇಳಿದ. ಈ ಸಲ ಎರಡನೆಯದನ್ನು ನಾನು ಕುಡಿದೆ, ಬಿಸಿ ಇರುವಾಗಲೇ. ಮುಖ ನೋಡಿದೆ. ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು, ಎರಡು ದಿನದ ಬಿಳಿಯ ಗಡ್ಡ, ಮೇಲಿನ ಒಂದು ಹಲ್ಲಿಲ್ಲ. ಬರೆಯುವಾಗ ಇದ್ದ ಬಾಯಿ ಎದುರಾಬದುರು ಕೂತಾಗ ಇಬ್ಬರಿಗೂ ಇರಲಿಲ್ಲ.

"ಮತ್ತ ಬರ್ತೀರಿ?" ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೇಳಿದೆ.

"ಅರ್ಜಿ ಇದ್ರ ಬರ್ತೀನ್ರಿ."

ಬಸ್ಸು ಹೋಯಿತು. ಅದಾಗಿ ಮೂರು ವಾರ. ಈಗ ಮೇಜಿನ ಎದುರು ಯಾರು ಬಂದು ನಿಂತರೂ ಮೊದಲು ತಲೆ ಎತ್ತಿ ಮುಖ ನೋಡುತ್ತೇನೆ, ಆಮೇಲೆ ಹೆಸರು ಕೇಳುತ್ತೇನೆ. ಟೈಪಿಂಗಿನಲ್ಲಿ ತಪ್ಪುಗಳು ಜಾಸ್ತಿಯಾಗಿವೆ.